ಕರುವಿನ ಹಗ್ಗದ ಗಂಟು

ಇಂದು ಬೀದರದ ಮೈಲೂರು ಬಡಾವಣೆಯ ಮನೆಯಲ್ಲಿ ಮಗಳ ಬೂಟಿನ ಲೇಸು ಕಟ್ಟುವಾಗ ಎಮ್ಮೆಯ ವಾಸನೆ ಮೂಗಿಗೆ ಬಡಿದಂತಾಯಿತು.

ಬೀದರ ಪೇಟೆಯಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಲ್ಲಿ ಅಜ್ಜಿಯ ಹಳ್ಳಿ ಚಿಂತಾಕಿ ಪರದೇಶವೇ. ಅಜ್ಜಿ ಎಮ್ಮೆ ಹಿಂಡುವ ಮುಂಚೆ ಕರು ಬಂದು ಕುಡಿಯುವುದನ್ನು ಕಂಡು, ಅದು ಹಾಲು ಕದಿಯುತ್ತದೆಂಬ ಗುಮಾನಿ ನನಗೆ. ಮರುದಿನ ನಸುಕಿನಲ್ಲೇ ಅದನ್ನೆಳೆದೊಯ್ದು ಪಕ್ಕದ ಮನೆಯ ಶಾಂತಾಬಾಯಿಯ ಹಿತ್ತಲಲ್ಲಿ ಕಟ್ಟಿಬಿಟ್ಟೆ.

ಕರುವಿಲ್ಲದೆ ಎಮ್ಮೆ ಒಂದು ಹನಿ ಹಾಲೂ ಕೊಡಲಿಲ್ಲ. ಅಜ್ಜಿ ನನ್ನ ಕೈ ಹಿಡಿದು ಹುಡುಕುತ್ತ ಆ ಹಿತ್ತಲಿಗೇ ಬಂದಳು.

"ನಮ್ಮ ಕರು ಇಲ್ಲಿ ಹ್ಯಾಂಗ ಬಂತು, ಶಾಂತಾ?"

ಶಾಂತಾಬಾಯಿ ಹಗ್ಗ ಎತ್ತಿ ತೋರಿಸಿದಳು. "ಹಿಂತಾ ಹೂವಿನಂಥ ಗಂಟು ನಮ್ಮೂರಾಗ ಯಾರು ಹಾಕ್ತಾರ್ರಿ, ಆಯಿ?"

ಇಬ್ಬರೂ ನನ್ನ ಬೂಟಿನ ಲೇಸು ನೋಡಿದರು.

ಆಮೇಲೆ ಹಾಲು ತುಸು ಕಡಿಮೆಯಾದರೂ ಅಜ್ಜಿಯ ಕಣ್ಣು ಮೊದಲು ನನ್ನ ಕಾಲಿನ ಮೇಲೆ.

ಮಗಳ ಲೇಸು ಬಿಗಿದು, ಯಾರಾದರೂ ನೋಡಿದರೇ ಎಂದು ಬಾಗಿಲತ್ತ ತಿರುಗಿದೆ. ನಾನಂತೂ ಅಂದಿನಿಂದ ಇಂದಿನವರೆಗೂ ಚಪ್ಪಲಿಯೇ ಹಾಕುತ್ತೇನೆ.