ಮಾಸ್ತರರ ಕಪ್ಪು ಗೋಡೆ

ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಮಾಡಗ್ಯಾಳದ ಕುರಿಗಾರರ ಮಗಳಾದ ನಾನು ಮುಚ್ಚಂಡಿಯ ಶಾಲಾ ಮಾಸ್ತರರ ಹೆಂಡತಿಯಾಗಿ ಬಂದೆ. ನನ್ನ ಗಂಡ ಓದಿದವರು. ಅದನ್ನು ಯಾರೂ ಮರೆಯದಂತೆ ಅವರೇ ನೋಡಿಕೊಳ್ಳುತ್ತಿದ್ದರು. ಪುಣೆಯಲ್ಲಿ ಜನ ಹೇಗೆ ಉಣ್ಣುತ್ತಾರೆ, ಹೇಗೆ ಮಲಗುತ್ತಾರೆ ಎಂದು ದಿನವೂ ಹೇಳುವರು. ಅವರು ಪುಣೆಯಲ್ಲಿ ಇದ್ದದ್ದು ಒಟ್ಟು ಹನ್ನೊಂದು ದಿನ ಎಂದು ಅತ್ತೆ ಒಮ್ಮೆ ಬಾಯಿ ಬಿಟ್ಟರು.

ಮದುವೆಯಾದ ವರ್ಷ ನಾನು ತವರಿಗೆ ಹೋಗಿ ತಿಂಗಳ ಮೇಲೆ ಮರಳಿದಾಗ ಗಂಡ ನನ್ನನ್ನು ನೇರ ಮಲಗುವ ಕೋಣೆಗೆ ಕರೆದೊಯ್ದರು. ಮೂರು ಗೋಡೆ ಬೆಳ್ಳಗಿದ್ದವು. ಸುಣ್ಣಕ್ಕೆ ಹಳ್ಳದ ಮರಳು ಬೆರೆಸಿ ಬಳಿದು, ಹಸಿಯಿದ್ದಾಗಲೇ ಬಾಚಣಿಗೆ ಎಳೆದು ಗೆರೆ ಮೂಡಿಸಿದ್ದರು. ಮಂಚದ ತಲೆಕಡೆಯ ಗೋಡೆ ಮಾತ್ರ ಕಪ್ಪು. ಶಾಲೆಯ ಹಲಗೆಗೆ ಹಚ್ಚುವಂತೆ ಇದ್ದಿಲು ಅರೆದು ಹಚ್ಚಿದ್ದರು. ಮಂಚದ ಮೇಲೆ ಹೊಸ ಕರಿ ಕಂಬಳಿ, ಎರಡು ಬಿಳಿ ದಿಂಬು.

“ಹ್ಯಾಂಗೈತಿ? ಬರೇ ಕಣ್ಣಿಗಿ ಅಲ್ಲ, ಕೈಗೂ ತಿಳೀಬೇಕು. ಮುಟ್ಟಿ ನೋಡು.”

ಮುಟ್ಟಿದೆ. ಗೋಡೆ ಬೆರಳು ತರಚಿತು. ಕಂಬಳಿ ಅಂಗೈಗೆ ಚುಚ್ಚಿತು.

“ಇದು ಕುರಿ ಉಣ್ಣಿ ಅಲ್ರೀ, ಆಡಿನ ಕೂದಲಾ.”

“ಅಂಗಡ್ಯಾಂವ ಉಣ್ಣೀನ ಅಂದಾನ.”

ಕುರಿಗಳ ನಡುವೆ ಬೆಳೆದವಳಿಗಿಂತ ಅಂಗಡಿಯವನು ಬಲ್ಲವನಾದ.

ಇದೆಲ್ಲ ಎಲ್ಲಿಂದ ಕಲಿತಿರಿ ಎಂದಾಗ ಒಂದು ಮರಾಠಿ ಮಾಸಪತ್ರಿಕೆ ತೆಗೆದು ತೋರಿಸಿದರು. ಮುಂಬಯಿಯ ಯಾರೋ ಸಿರಿವಂತರ ಮಲಗುವ ಕೋಣೆಯ ಚಿತ್ರ.

“ಇದರಾಗ ಹೆಣ್ಮಗಳ ಸೀರಿ, ಹೂವು, ಗಿಡದ ಎಲಿ ಎಲ್ಲಾ ಕರೇವು, ಬಿಳೇವು ಅದಾವಲ್ರೀ. ಬಣ್ಣ ಇಲ್ದ ಛಾಪಿಸಿರಬೇಕು,” ಎಂದೆ.

ಅವರು ಚಿತ್ರವನ್ನೇ ದಿಟ್ಟಿಸಿದರು. ಆಮೇಲೆ ಪತ್ರಿಕೆ ಮುಚ್ಚಿ, “ನೀ ಎಷ್ಟ ಸಾಲಿ ಕಲ್ತಿ?” ಎಂದರು.

“ಎರಡನೇತ್ತ.”

ಅಷ್ಟಕ್ಕೆ ಅವರು ಗೆದ್ದರು.

ವಾರದಲ್ಲಿ ಸೊರಡಿಯಿಂದ ಅತ್ತೆಯ ಅಣ್ಣ ಬಂದರು. ಬಿಳಿ ರುಮಾಲು, ಗಂಜಿ ಹಾಕಿದ ಬಿಳಿ ಅಂಗಿ. ಗಂಡ ಅವರನ್ನು ಮಂಚದ ಮೇಲೆ ಕೂಡಿಸಿ, ದೊಡ್ಡ ಊರಿನವರ ಅಭಿರುಚಿಯ ಬಗ್ಗೆ ಪಾಠ ಶುರುಮಾಡಿದರು. ಹಿರಿಯರು ಗೋಡೆಗೆ ಒರಗಿ ತೂಕಡಿಸಿದರು. ಎದ್ದು ಹೊರಟಾಗ ಅವರ ಬೆನ್ನು ನೋಡಿ ನಾನೂ ಅತ್ತೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೆವು. ಕರೆದು ಹೇಳುವಷ್ಟರಲ್ಲಿ ಅವರು ಓಣಿ ದಾಟಿದ್ದರು.

ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಅಂಗಳದಲ್ಲೇ ಕೂಗಿದರು: “ಏ ಮಾಸ್ತರಾ, ಹೊರಗ ಬಾ! ಬಸ್ಸಿನ ಕಂಡಕ್ಟರ ನನಗ ಸೀಟಿನ್ಯಾಗ ಕುಂದ್ರಗೊಡಲಿಲ್ಲ!”

ಗಂಡ ತಪ್ಪಾಯಿತು ಅನ್ನಲಿಲ್ಲ. ಅವರು ಹೋದ ಮೇಲೆ, “ಹಳ್ಳಿ ಮಂದಿಗಿ ಕುಂದ್ರೂದು ಸೈತ ತಿಳಿಯಂಗಿಲ್ಲ,” ಎಂದರು. ಸೊರಡಿಯೂ ಹಳ್ಳಿ, ಮುಚ್ಚಂಡಿಯೂ ಹಳ್ಳಿ.

ಮರುದಿನ ಅವರು ಶಾಲೆಗೆ ಹೋದದ್ದೇ ತಡ, ಅತ್ತೆಯೂ ನಾನೂ ಸೇರಿ ಕಪ್ಪು ಗೋಡೆ ಕೆರೆದು ಸುಣ್ಣ ಬಳಿದೆವು. ಬಾಚಣಿಗೆಯ ಗೆರೆಗಳನ್ನು ಕಲ್ಲಿನಿಂದ ತಿಕ್ಕಿ ನುಣ್ಣಗೆ ಮಾಡಿದೆವು. ತವರಿಗೆ ಹೇಳಿಕಳಿಸಿ ಮೆತ್ತನೆಯ ಕರಿ ಕಂಬಳಿ ತರಿಸಿದೆ. ಅಂಚಿನಲ್ಲಿ ಎರಡೆಳೆ ಬಿಳಿ ಉಣ್ಣೆ. ಗಂಡ ಮುನಿಸಿಕೊಂಡು ನಾಲ್ಕು ದಿನ ಪಡಸಾಲೆಯಲ್ಲಿ ಮಲಗಿದರು. ಐದನೆಯ ದಿನ ಚಳಿ ಹೆಚ್ಚಿತು, ಮುನಿಸು ಕಡಿಮೆಯಾಯಿತು.

ಮುಂದೆ ಶಾಲೆಯ ತಪಾಸಣೆಗೆ ಬಂದ ಸಾಹೇಬರು ಚಹಾಕ್ಕೆ ಮನೆಗೆ ಬಂದರು. ಗಂಡ ಅವರನ್ನು ಒಳಗೆ ಕರೆದೊಯ್ದು ಕೋಣೆ ತೋರಿಸಿದರು. ಸಾಹೇಬರು ಕಂಬಳಿಯ ಮೇಲೆ ಕೈಯಾಡಿಸಿ, “ಭಾಳ ಚಲೋ ಐತ್ರೀ,” ಎಂದರು.

“ಕರೇದು, ಬಿಳೇದು ಹ್ಯಾಂಗ ಕೂಡಿಸಬೇಕಂತ ನಾನ ವಿಚಾರ ಮಾಡೀನ್ರೀ ಸಾಹೇಬ್ರ,” ಎಂದರು ನನ್ನ ಗಂಡ.

ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಗಂಡನ ಚಹಾದ ಬಟ್ಟಲಿಗೆ ಸಕ್ಕರೆಯ ಬದಲು ಉಪ್ಪು ಹಾಕಿ ತಂದೆ. ಸಾಹೇಬರ ಎದುರು ಮುಖ ಕಿವುಚದೆ ಪೂರ್ತಿ ಕುಡಿದರು.