ಕ್ಷೌರಿಕನ ರೇಡಿಯೊ
ನಮ್ಮ ಬೀದಿಯ ಕ್ಷೌರಿಕನಿಗೆ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಹಾಡು: ನಮ್ಮ ದೇಶದ್ದು, ನಮ್ಮಿಂದ ಕದ್ದದ್ದು. ರೇಡಿಯೊದಲ್ಲಿ ನಮ್ಮ ಸಿನಿಮಾ ಹಾಡು ಬಂದರೆ ಅವನ ಕತ್ತರಿಯೂ ತಾಳ ಹಾಕುತ್ತದೆ; ಪಕ್ಕದ ದೇಶದ್ದು ಬಂದರೆ ಅರ್ಧ ಬೋಳಿಸಿದ ಗಡ್ಡವನ್ನು ನೊರೆಯಲ್ಲೇ ಬಿಟ್ಟು ಹೋಗಿ, ರೇಡಿಯೊದ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತಾನೆ. "ಅವ್ರಿಗೆ ಹಾಡೋದು ಕಲಿಸಿದ್ದೇ ನಾವು ಸ್ವಾಮಿ," ಎನ್ನುತ್ತಾನೆ. ಕತ್ತಿ ಕುತ್ತಿಗೆಯ ಮೇಲಿರುವಾಗ ಯಾರು ತಾನೇ ಇಲ್ಲವೆಂದಾರು? ಆದರೆ ಪರದೆಯ ಹಿಂದೆ ಟವೆಲ್ ಒಗೆಯುತ್ತ ಅವನ ಹೆಂಡತಿ ತನ್ನ ಊರಿನ ಹಾಡು ಶುರುಮಾಡಿದರೆ, ನಮ್ಮ ಹಾಡೇ ಬರುತ್ತಿದ್ದರೂ ರೇಡಿಯೊ ಆರಿಸಿಬಿಡುತ್ತಾನೆ. ಅವಳದು ಅದೇ ಪಕ್ಕದ ದೇಶ. ಗಡಿ ಮುಚ್ಚಿದಾಗಿನಿಂದ ತವರಿನ ಮುಖ ಕಂಡಿಲ್ಲ. "ಇದು ಯಾವ ದೇಶದ ಹಾಡಪ್ಪ?" ಎಂದು ಮೊನ್ನೆ ಕೆಣಕಿದೆ. ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದ: "ನಮ್ಮನೇದು ಸ್ವಾಮಿ. ಮುಗಿಯೋವರೆಗೂ ಅಲ್ಲಾಡದೆ ಕೂತ್ಕೊಳ್ಳಿ."