ಹನ್ನೆರಡನೆಯ ಪತ್ರದ ಸಹಿ

ಬೆಳಗಿನ ಐದೂವರೆ. ಕ್ಯಾಲಿಫೋರ್ನಿಯಾದ ಹೇವರ್ಡ್‌ನ ಮನೆಯ ಗರಾಜಿನಲ್ಲಿ, ಬಟ್ಟೆ ಒಗೆಯುವ ಮಷೀನಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ವೇದವತಿ ಪತ್ರ ಟೈಪು ಮಾಡುತ್ತಿದ್ದಾರೆ. ಬೆರಳು ಕೀಲಿಯ ಮೇಲೆ, ಕಿವಿ ಒಳಗಿನ ಗೊರಕೆಯ ಮೇಲೆ. ಗೊರಕೆಯ ಯಜಮಾನರು ಎಂಜಿನಿಯರ್ ವ್ಯಾಸರಾಜ. ಹೆಸರಿಗಷ್ಟೇ ವ್ಯಾಸರು, ಗಣಪತಿಯಂತೆ ಕೂತು ಬರೆಯುವ ಪಾಡು ಹೆಂಡತಿಯದು. ಪತ್ರ ಮುಗಿದಿದೆ, ಸಹಿ ಮಾತ್ರ ಬಿದ್ದಿಲ್ಲ.

ಗಂಡಸನ್ನೇ ಪ್ರೀತಿಸುವ ಗಂಡಸಿಗೆ ಕ್ಯೂಬಾದಲ್ಲಿ ಪೊಲೀಸರ ಕಾಟ, ಜೈಲು. ಕಳೆದ ವರ್ಷ, 1980ರಲ್ಲಿ, ಅಲ್ಲಿಂದ ದೋಣಿ ಹತ್ತಿ ಅಮೆರಿಕ ಸೇರಿದ ಲಕ್ಷಕ್ಕೂ ಮಿಕ್ಕ ಜನರಲ್ಲಿ ಇಂಥವರೂ ಇದ್ದಾರೆ. ದಡ ಸೇರಿದರೂ ಎಷ್ಟೋ ಮಂದಿಗೆ ಬಿಡುಗಡೆಯಿಲ್ಲ. ‘ಇವರು ನಮ್ಮ ಮನೆಯಲ್ಲಿರುತ್ತಾರೆ’ ಎಂದು ಯಾರಾದರೂ ವಿಳಾಸ ಕೊಟ್ಟು ಸಹಿ ಹಾಕುವವರೆಗೆ ಸೈನ್ಯದ ಶಿಬಿರದಲ್ಲೇ ವಾಸ. ಅಂಥ ಮನೆಗಳನ್ನು ಹುಡುಕುವ ಐದು ಜನರ ಗುಂಪಿಗೆ ಮೈಸೂರಿನ ವೇದವತಿ ಟೈಪಿಸ್ಟು. ಹಗಲು ಗೋದಾಮಿನಲ್ಲಿ ಗುಮಾಸ್ತೆ. ಅಲ್ಲಿ ಜೊತೆಗಿರುವ, ಈ ಗುಂಪಿನವಳೇ ಆದ ರೂತ್ ‘ಒಂದೇ ಒಂದು ಪತ್ರ’ ಎಂದು ಕೇಳಿದ್ದಳಂತೆ. ಆ ಒಂದು ಈಗ ಹನ್ನೊಂದಾಗಿದೆ. ಹನ್ನೊಂದು ಜನ ಹೊರಗೆ ಬಂದಿದ್ದಾರೆ. ಸಹಿ ಎಲ್ಲ ಬೇರೆಯವರದು.

“ನಂದು ಬರೀ ಬೆರಳು ಕಣ್ರೀ, ಮುಖ ಅಲ್ಲ,” ಎನ್ನುತ್ತಾರೆ ವೇದವತಿ.

ಮುಖ ತೋರಿಸಬೇಕಾದ ದಿನವೂ ಬಂತು. ರೂತ್ ಸಹಿ ಹಾಕಿ ಬಿಡಿಸಿದ ಒರ್ಲಾಂಡೋ, ಬೇರೆ ಕೋಣೆ ಸಿಗುವವರೆಗೆ ವೇದವತಿಯ ಮನೆಯಲ್ಲಿದ್ದ. (ಅವನ ಹೆಸರನ್ನೂ ಅವನ ಗೆಳೆಯನ ಹೆಸರನ್ನೂ ಇಲ್ಲಿ ಬದಲಿಸಿದೆ.) ಗೌರಿಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಹದಿನಾಲ್ಕು ಹೆಂಗಸರು ಬಂದರು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅವನನ್ನು ಅವರಲ್ಲೊಬ್ಬರಾದ ಮೈಥಿಲಿ ನೋಡಿಬಿಟ್ಟರು. ಅವರ ಮೂಗುರಾಗವನ್ನು ವೇದವತಿ ಹಾಗೇ ತೆಗೆಯುತ್ತಾರೆ: “ಯಾರ್ರೀ ವೇದಾ ಇದೂ, ಮೀಸೇ ಇರೋ ಮುತ್ತೈದೇ?”

“ಕಾರ್ಪೆಟ್ ಕ್ಲೀನ್ ಮಾಡೋಕೆ ಬಂದಿರೋನು ಅಂದ್ಬಿಟ್ಟೆ.”

ಕನ್ನಡ ಬಾರದ ಒರ್ಲಾಂಡೋಗೆ ‘ಕಾರ್ಪೆಟ್ ಕ್ಲೀನ್’ ತಿಳಿಯಿತು. ಕೈ ತೊಳೆದು ವ್ಯಾಕ್ಯೂಮ್ ತಂದು, ರೇಷ್ಮೆ ಸೀರೆಗಳ ಕಾಲಡಿಯಲ್ಲೆಲ್ಲ ಬಗ್ಗಿ ಬಗ್ಗಿ ಗುಡಿಸಿದ. ಹೆಂಗಸರು ಮಾತು ನಿಲ್ಲಿಸದೆ ಕಾಲೆತ್ತಿಕೊಟ್ಟರು. “ನಮ್ಮನೇಗೂ ಕಳ್ಸಿ,” ಎಂದರು ಮೈಥಿಲಿ. ಸುಳ್ಳು ಬಯಲಾಗದಿರಲೆಂದು ಆ ಶನಿವಾರ ಅಲ್ಲಿಗೂ ಹೋಗಿಬಂದ.

“ಕ್ಷಮಿಸಪ್ಪಾ ಅಂದೆ. ನಕ್ಕ. ‘ಅಭ್ಯಾಸ ಇದೆ. ನೆಂಟರು ಬಂದ್ರೆ ನಮ್ಮಮ್ಮನೂ ನನ್ನ ಗೆಳೆಯನ್ನ ರೇಡಿಯೋ ರಿಪೇರಿಯವನು ಅಂತಿದ್ಲು’ ಅಂದ. ಅವನು ಬೈದಿದ್ರೆ ಆ ರಾತ್ರಿ ಊಟ ಇಳೀತಿತ್ತೇನೋ.”

ಈಗಿನ ಪತ್ರ ಒರ್ಲಾಂಡೋನ ಗೆಳೆಯ ರಾಮೋನನಿಗಾಗಿ. ಅರ್ಕನ್ಸಾ ರಾಜ್ಯದ ಶಿಬಿರದಲ್ಲಿ ಎಂಟು ತಿಂಗಳಿಂದ ಕೊಳೆಯುತ್ತಿದ್ದಾನೆ. ಗುಂಪಿನ ಉಳಿದವರ ಮನೆಗಳೆಲ್ಲ ಭರ್ತಿ. ಖಾಲಿ ಕೋಣೆಯಿರುವುದು ವೇದವತಿಯ ಮನೆಯಲ್ಲಿ ಮಾತ್ರ. ಸಹಿಯ ಜೊತೆಗೆ ಪರಿಚಯದವರೊಬ್ಬರ ಫೋನ್ ನಂಬರನ್ನೂ ಕೊಡಬೇಕು. ಶಿಬಿರದ ಅಧಿಕಾರಿ ಅವರನ್ನೂ ವಿಚಾರಿಸುತ್ತಾನೆ. ವೇದವತಿ ಟೈಪು ಮಾಡಿರುವುದು ಮೈಥಿಲಿಯ ನಂಬರು.

ಗೊರಕೆ ನಿಲ್ಲುತ್ತದೆ. ವ್ಯಾಸರಾಜರು ಬಾಗಿಲಿಗೆ ಬಂದು ಪತ್ರ ಓದುತ್ತಾರೆ.

“ಕನ್ನಡ ಸಂಘದಲ್ಲಿ ಏನಂತ ಹೇಳ್ಲೇ?”

“ನಮ್ಮನೆಯವನು ಅನ್ನಿ.”

ಗಂಡನ ಎದುರೇ ಸಹಿ ಹಾಕುತ್ತಾರೆ. ಏಳು ಗಂಟೆಗೆ ಮೈಥಿಲಿಗೆ ಫೋನು.

“ಮೈಥಿಲಿ, ಆವತ್ತು ಸುಳ್ಳು ಹೇಳ್ದೆ. ಒರ್ಲಾಂಡೋ ಕೆಲಸದವನಲ್ಲ, ನಮ್ಮನೇಲೇ ಇದ್ದೋನು. ಅವನ ಜೊತೆಗಾರನೂ ಬರ್ತಾನೆ, ಅದರ ಬಗ್ಗೆ ಅಧಿಕಾರಿ ನಿಮ್ಗೆ ಫೋನ್ ಮಾಡ್ತಾನೆ. ಜೊತೆಗಾರ ಅಂದ್ರೆ, ನಿಮ್ಗೆ ನಿಮ್ಮ ಯಜಮಾನ್ರು ಶೇಷಾದ್ರಿ ಹೇಗೋ ಹಾಗೆ.”



“ಮತ್ತೆ ನಮ್ಮನೆ ಗುಡಿಸಿದ್ಯಾಕೆ ಅವ್ನು?”

“ನನ್ನ ಮಾನ ಉಳಿಸೋಕೆ.”

ಫೋನು ಕಟ್ಟಾಗುತ್ತದೆ. ಅಧಿಕಾರಿ ಕೇಳಿದಾಗ ಮೈಥಿಲಿ ಏನು ಹೇಳುತ್ತಾರೋ ಗೊತ್ತಿಲ್ಲ. ವೇದವತಿ ಲಕೋಟೆ ಅಂಟಿಸಿ, ಕೆಲಸಕ್ಕೆ ಹೊರಡಲು ಕೋಟು ಹಾಕಿಕೊಳ್ಳುತ್ತಾರೆ.

ಈ ಲೇಖನದಲ್ಲಿ ಇವರ ಹೆಸರನ್ನೂ ಬದಲಿಸೋಣವೇ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಬೇಡ, ಇದೇ ಹಾಕಿ. ಇಲ್ಲಿ ಎಷ್ಟೊಂದು ಜನ ಊರಿಂದ ಪೇಪರ್ ತರಿಸ್ಕೊಂಡು ಓದ್ತಾರೆ. ಯಾರ ಮನೇಲಾದ್ರೂ ಒಂದು ಕೋಣೆ ಖಾಲಿ ಇದ್ರೆ, ನಂಗೊಂದು ಕಾಗದ ಹಾಕ್ಲಿ.”